‘99.9% ಗ್ಯಾರಂಟಿ’ ಇದ್ದರೆ ಸರ್ವರ್ ಡೌನ್ ಆಗುವುದೇ ಇಲ್ಲವೇ?

ಕ್ಲೌಡ್‌ಗೆ ಹೋದರೆ ಸರ್ವರ್ ಡೌನ್ ಆಗಲ್ಲ, ಆದರೂ ಕಂಪನಿಯೇ ನಷ್ಟ ತುಂಬಿಕೊಡುತ್ತದೆ ಎಂದು ಹಲವರು ನಂಬಿದ್ದಾರೆ. ಎರಡೂ ತಪ್ಪು. ಎಸ್‌ಎಲ್‌ಎ ಎಂಬ ಸೇವಾ ಒಪ್ಪಂದದ ಅಂಕಿಗಳನ್ನು ನಾವು ಲೆಕ್ಕ ಹಾಕಿದೆವು: 99.9% ಎಂದರೆ 30 ದಿನದ ತಿಂಗಳಲ್ಲಿ ಸುಮಾರು 43 ನಿಮಿಷ ಸೇವೆ ನಿಂತರೂ ಒಪ್ಪಂದ ಮುರಿದಂತಲ್ಲ.

ಅಮೆಜಾನ್‌ನ ಇಸಿ2 ಸೇವೆಯಲ್ಲಿ ಒಂದೇ ಸರ್ವರ್‌ಗೆ ಭರವಸೆ 99.5%. ಅಂದರೆ ತಿಂಗಳಿಗೆ 3 ಗಂಟೆ 36 ನಿಮಿಷದವರೆಗೆ ಬಂದ್ ಆಗಬಹುದು! ಅಂಗಡಿಯ ವಿಳಾಸ, ಫೋಟೊ ತೋರಿಸುವ ವೆಬ್‌ಸೈಟಿಗೆ ಇಷ್ಟು ಸಾಕು. ಅಲ್ಲೇ ಆನ್‌ಲೈನ್ ಆರ್ಡರ್ ಶುರುವಾದರೆ ಸಾಲದು. ಆದರೆ ವ್ಯಾಪಾರ ಬೆಳೆದಂತೆ ಒಪ್ಪಂದ ತಾನಾಗಿ ಬದಲಾಗುವುದಿಲ್ಲ. ಕನಿಷ್ಠ ಎರಡು ವಲಯಗಳಲ್ಲಿ ಸರ್ವರ್ ಇಟ್ಟರೆ ಮಾತ್ರ 99.99% ಅನ್ವಯ. ಬಿಲ್ಲೂ ಏರುತ್ತದೆ ಬಿಡಿ.

ಪರಿಹಾರ? ಕೈತಪ್ಪಿದ ವ್ಯಾಪಾರಕ್ಕಲ್ಲ, ಬಿಲ್ಲಿನಲ್ಲಿ ಒಂದಿಷ್ಟು ಕ್ರೆಡಿಟ್ ಅಷ್ಟೆ. ಅದನ್ನೂ ಗ್ರಾಹಕರೇ ಗಡುವಿನೊಳಗೆ ದಾಖಲೆ ಸಮೇತ ಕೇಳಿ ಪಡೆಯಬೇಕು.