ಬಕೆಟ್ ಟ್ರಕ್ಕಿನ ತೇಪೆ

ಲೈನ್‌ಮನ್‌ನನ್ನು ವಿದ್ಯುತ್ ತಂತಿಯ ಎತ್ತರಕ್ಕೆ ಏರಿಸುವ ಬಕೆಟ್ ಟ್ರಕ್ಕಿನಲ್ಲಿ ಫೈಬರ್‌ಗ್ಲಾಸ್‌ಗೆ ಎರಡು ಹೊಣೆ. ಬಕೆಟ್ಟು ಮತ್ತು ಅದನ್ನು ಹೊತ್ತ ಮೇಲಿನ ಬೂಮ್ (ತೋಳು) ಆಳಿನ ಭಾರ ತಡೆಯಬೇಕು. ಬೂಮ್ ಅದರ ಜೊತೆಗೆ ಕರೆಂಟು ನೆಲಕ್ಕಿಳಿಯದಂತೆ ನೋಡಿಕೊಳ್ಳಬೇಕು. ಬಿರುಕು ಬಿಟ್ಟಾಗ ಮೊದಲ ಹೊಣೆಯನ್ನು ತೇಪೆ ಹಾಕಿ ಸರಿಪಡಿಸಬಹುದು, ಸರಿಯಾಯಿತೆಂದು ಕಣ್ಣಿಗೂ ಕಾಣುತ್ತದೆ. ಎರಡನೆಯದು ಸರಿಯಾಯಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಈ ರಿಪೇರಿ ಕಸುಬಿನ ಎಪ್ಪತ್ತು ವರ್ಷಗಳ ಕಥೆಯೆಲ್ಲ ಆ ಕಾಣದ ಭಾಗದ ಸುತ್ತಲೇ ಬೆಳೆದದ್ದು.

ಕರೆಂಟು ತೆಗೆಯದೆ ತಂತಿಯ ಮೇಲೆ ಕೆಲಸ ಮಾಡುವ ಪದ್ಧತಿ ಬಕೆಟ್ಟಿಗಿಂತ ಹಳೆಯದು. ಅಮೆರಿಕದಲ್ಲಿ 1913ರ ಹೊತ್ತಿಗೇ ಲೈನ್‌ಮನ್‌ಗಳು ಒಣಮರದ ಉದ್ದ ಕೋಲುಗಳ ತುದಿಗೆ ಕೊಕ್ಕೆ ಕಟ್ಟಿಕೊಂಡು, ಕಂಬದ ಮೇಲೆ ನಿಂತು ಜೀವಂತ ತಂತಿಯನ್ನು ಆಚೀಚೆ ಸರಿಸುತ್ತಿದ್ದರು. ಮರ ನೀರು ಕುಡಿಯುತ್ತದೆ, ನೀರು ಕುಡಿದ ಮರ ಕರೆಂಟು ಹರಿಸುತ್ತದೆ. ಹಾಗಾಗಿ ಕೋಲನ್ನು ಒಣಗಿಸುವುದು, ವಾರ್ನಿಶ್ ಬಳಿಯುವುದು, ಮಳೆಗೆ ಸಿಕ್ಕದಂತೆ ಚೀಲದಲ್ಲಿಡುವುದು ದಿನನಿತ್ಯದ ಚಾಕರಿಯಾಗಿತ್ತು. ಮುಂದೆ ಫೈಬರ್‌ಗ್ಲಾಸ್ ಬೂಮ್‌ಗೂ ಇದೇ ಶುಶ್ರೂಷೆ ಬೇಕಾಯಿತು.

ಬಕೆಟ್ಟಿನ ಮೂಲ ಮಾತ್ರ ಹಣ್ಣಿನ ತೋಟದಲ್ಲಿದೆ. ಚೆರ್ರಿ ಕೀಳುವಾಗ ಏಣಿ ಹತ್ತಿಳಿದು ಬೇಸತ್ತ ಜೇ ಐಟೆಲ್ 1944ರಲ್ಲಿ ಆಳನ್ನು ಎತ್ತಿ ಹಿಡಿಯುವ ತೋಳೊಂದನ್ನು ರೂಪಿಸಿದ. ಅಮೆರಿಕದಲ್ಲಿ ಇಂದಿಗೂ ಈ ಗಾಡಿಯನ್ನು ‘ಚೆರ್ರಿ ಪಿಕರ್’ ಎನ್ನುವುದು ಅದರಿಂದಲೇ. ತೋಟಕ್ಕಿಂತ ಹೆಚ್ಚಾಗಿ ಅದನ್ನು ಬಯಸಿ ಕೊಂಡವರು ಟೆಲಿಫೋನ್ ಮತ್ತು ವಿದ್ಯುತ್ ಕಂಪನಿಗಳವರು. ಆದರೆ ತೊಡಕೊಂದಿತ್ತು. ತೋಳು ಉಕ್ಕಿನದು. ಕಂಬ ಹತ್ತಿದವನ ಕಾಲಡಿ ಮರವಾದರೂ ಇರುತ್ತಿತ್ತು. ಉಕ್ಕಿನ ತೋಳಿನ ತುದಿಯಲ್ಲಿ ನಿಂತವನಿಗೂ ನೆಲಕ್ಕೂ ನಡುವೆ ಕರೆಂಟು ತಡೆಯುವಂಥದ್ದು ಏನೂ ಇರಲಿಲ್ಲ.

ಆ ಕೊರತೆ ತುಂಬಿದ ವಸ್ತು ಆಕಸ್ಮಿಕವಾಗಿ ಹುಟ್ಟಿದ್ದು. 1932ರಲ್ಲಿ ಓವೆನ್ಸ್-ಇಲಿನಾಯ್ ಕಂಪನಿಯ ಸಂಶೋಧಕ ಡೇಲ್ ಕ್ಲೈಸ್ಟ್ ಎರಡು ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಹೊರಟಿದ್ದಾಗ, ಒತ್ತಡದ ಗಾಳಿ ಕರಗಿದ ಗಾಜಿಗೆ ತಾಗಿ ಗಾಜು ನವಿರಾದ ಎಳೆಗಳಾಗಿ ಹಾರಿತು. 1938ರಲ್ಲಿ ಓವೆನ್ಸ್-ಕಾರ್ನಿಂಗ್ ಫೈಬರ್‌ಗ್ಲಾಸ್ ಕಂಪನಿ ಹುಟ್ಟಿತು. ಪಾಲಿಯೆಸ್ಟರ್ ಮತ್ತು ಎಪಾಕ್ಸಿ ರಾಳಗಳು ಸೇರಿಕೊಂಡ ಮೇಲೆ ಗಾಜಿನ ನಾರು ದೋಣಿಯಾಯಿತು, 1953ರಲ್ಲಿ ಷೆವ್ರೊಲೆ ಕಾರ್ವೆಟ್ ಕಾರಿನ ಮೈಯಾಯಿತು. 1950ರ ದಶಕದ ಕೊನೆಗೆ ಲೈನ್‌ಮನ್‌ನ ಮರದ ಕೋಲಿನ ಜಾಗಕ್ಕೆ ಫೈಬರ್‌ಗ್ಲಾಸ್ ಕೋಲು ಬಂತು. ಹಗುರ, ಗಟ್ಟಿ, ತುಕ್ಕು ಹಿಡಿಯದು, ಕರೆಂಟು ಹರಿಸದು. ಬೂಮ್‌ನ ಮೇಲ್ಭಾಗಕ್ಕೂ ಅದನ್ನೇ ಬಳಸುವ ಯೋಚನೆಗೆ ಹೆಚ್ಚು ಕಾಲ ಹಿಡಿಯಲಿಲ್ಲ. 1960ರ ಸುಮಾರಿಗೆ ನಿರೋಧಕ ಬೂಮ್ ಎಷ್ಟು ನಂಬಿಕೆ ಗಳಿಸಿತೆಂದರೆ, ಬಕೆಟ್ಟನ್ನು ತಂತಿಗೇ ಜೋಡಿಸಿ, ಅದರಷ್ಟೇ ವೋಲ್ಟೇಜಿಗೆ ಏರಿ, ತಂತಿಯನ್ನು ನೇರವಾಗಿ ಮುಟ್ಟಿ ಕೆಲಸ ಮಾಡುವ ‘ಬರಿಗೈ’ ವಿಧಾನ ಅಮೆರಿಕದಲ್ಲಿ ಆರಂಭವಾಯಿತು. ಅಲ್ಲಿ ಆಳಿಗೂ ನೆಲಕ್ಕೂ ನಡುವೆ ಇರುವುದು ಆ ಬೂಮ್ ಒಂದೇ.

ಫೈಬರ್‌ಗ್ಲಾಸ್ ಜೊತೆಗೆ ಅದರ ರಿಪೇರಿ ಅಭ್ಯಾಸಗಳೂ ಬಂದವು. ಅಪಾಯ ಬಂದದ್ದೂ ಆ ದಾರಿಯಲ್ಲೇ. ದೋಣಿಕಟ್ಟೆಯಲ್ಲಿ, ಕಾರ್ ಗ್ಯಾರೇಜಿನಲ್ಲಿ ಕೆಲಸ ಕಲಿತವನಿಗೆ ಬಿರುಕೆಂದರೆ ಉಜ್ಜಿ, ಬಟ್ಟೆಯಿಟ್ಟು, ರಾಳ ಬಳಿದು, ಪುಟ್ಟಿ ತುಂಬಿ, ಬಣ್ಣ ಹೊಡೆಯುವ ಅರ್ಧ ದಿನದ ಕೆಲಸ. ದೋಣಿಯ ತೇಪೆಯೊಳಗೆ ಚೂರು ತೇವ ಉಳಿದರೆ ಹೋಗುವುದು ದೋಣಿಯ ಅಂದ. ಬೂಮ್‌ನ ತೇಪೆಯೊಳಗೆ ಉಳಿದರೆ ಆ ತೇವದ ಗೆರೆಯಲ್ಲೇ ಕರೆಂಟು ಜಿನುಗುತ್ತದೆ, ಜಿನುಗಿದ ಜಾಗ ಕಾಯುತ್ತದೆ, ರಾಳ ಸುಟ್ಟು ಇದ್ದಿಲಾಗುತ್ತದೆ, ಇದ್ದಿಲು ಇನ್ನಷ್ಟು ಕರೆಂಟಿಗೆ ದಾರಿ ಬಿಡುತ್ತದೆ. ಕಾರಿನ ನೆಗ್ಗು ತುಂಬುವ ಲೋಹದ ಪುಡಿ ಬೆರೆತ ಪುಟ್ಟಿ, ಲೋಹಾಂಶದ ಬಣ್ಣ, ಸಲಕರಣೆ ನೇತುಹಾಕಲೆಂದು ಬಕೆಟ್ಟಿಗೆ ಕೊರೆದ ಒಂದು ತೂತು, ಗ್ಯಾರೇಜಿನ ಲೆಕ್ಕದಲ್ಲಿ ಇವೆಲ್ಲ ನಿರಪಾಯ. ಯಾರು ಬೇಕಾದರೂ ತೇಪೆ ಹಾಕಬಹುದೆಂಬುದು ಫೈಬರ್‌ಗ್ಲಾಸ್‌ನ ದೊಡ್ಡ ಗುಣ. ಬಕೆಟ್ ಟ್ರಕ್ಕಿನ ಮಟ್ಟಿಗೆ ಆ ಗುಣವೇ ದೋಷ.

ಆ ಸಲಿಗೆಗೆ ಕಡಿವಾಣ ಬಿದ್ದದ್ದು ನಿಯಮಗಳಿಂದ. ಇಂಥ ಗಾಡಿಗಳಿಗೆ ಅಮೆರಿಕದ ಎ92.2 ಮಾನದಂಡ 1969ರಲ್ಲಿ ಬಂತು. 1970ರ ಕಾಯ್ದೆಯಿಂದ ಹುಟ್ಟಿದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಅದನ್ನು ತನ್ನ ನಿಯಮಗಳಿಗೆ ಆಧಾರವಾಗಿಸಿಕೊಂಡಿತು. ಗಾಡಿಯಲ್ಲಿ ಏನನ್ನಾದರೂ ಬದಲಿಸಬೇಕಿದ್ದರೆ ತಯಾರಕರ ಅಥವಾ ಅವರಿಗೆ ಸಮನಾದ ಪರೀಕ್ಷಾ ಸಂಸ್ಥೆಯ ಲಿಖಿತ ಒಪ್ಪಿಗೆ ಬೇಕೆಂಬ ಷರತ್ತು ಬಂತು. ಕುಶಲತೆಯಿದ್ದರಷ್ಟೇ ಸಾಲದು, ಕಾಗದವೂ ಬೇಕು ಎಂದಾಯಿತು. ಹಳೆಯ ಕೈಗಳಿಗೆ ಇದು ಹಿಡಿಸಿರಲಾರದು. ಆದರೆ ಬೂಮ್‌ನ ಒಳಪದರಗಳಲ್ಲಿ ಏನಿದೆಯೆಂದು ಅದನ್ನು ಕಟ್ಟಿದವರಿಗಲ್ಲದೆ ಹೊರಗಿನವರಿಗೆ ತಿಳಿಯುವುದಿಲ್ಲ.

ಕಾಣದ್ದನ್ನು ಅಳೆಯುವ ಬಗೆಗಳೂ ಇದೇ ಕಾಲದಲ್ಲಿ ಗಟ್ಟಿಯಾದವು. ಬರಿಗೈ ಕೆಲಸಕ್ಕೆ ವಿಧಿಸಿದ ಪರೀಕ್ಷೆ ನೋಡಲು ಸರಳ. ದಿನದ ಕೆಲಸಕ್ಕೆ ಮುನ್ನ ಬಕೆಟ್ಟನ್ನು ಆಳಿಲ್ಲದೆ ಏರಿಸಿ ಜೀವಂತ ತಂತಿಗೆ ತಾಗಿಸುತ್ತಾರೆ. ಮೂರು ನಿಮಿಷ ಎಲ್ಲರೂ ಕೆಳಗೆ ನಿಂತು ಮೀಟರಿನ ಮುಳ್ಳು ನೋಡುತ್ತಾರೆ. ಬೂಮ್ ಮೂಲಕ ಸೋರುವ ಕರೆಂಟು ತಂತಿ ಮತ್ತು ನೆಲದ ನಡುವಿನ ಪ್ರತಿ ಕಿಲೋವೋಲ್ಟಿಗೆ 1 ಮೈಕ್ರೋಆಂಪಿಯರ್ ಮೀರಿದರೆ ಆ ದಿನ ಬಕೆಟ್ಟಿಗೆ ಯಾರೂ ಹತ್ತುವಂತಿಲ್ಲ. ಮಾಮೂಲಿ 46 ಕಿಲೋವೋಲ್ಟ್ ದರ್ಜೆಯ ಬೂಮ್‌ಗಳಿಗೆ ನಿಯತಕಾಲಿಕ ಪರೀಕ್ಷೆಯಿದೆ: 40 ಕಿಲೋವೋಲ್ಟ್ ಹಾಯಿಸಿ ಒಂದು ನಿಮಿಷ ನಿಲ್ಲಿಸಿದಾಗ ಸೋರಿಕೆ 400 ಮೈಕ್ರೋಆಂಪಿಯರ್ ದಾಟಬಾರದು.

ಭಾರ ಹೊರುವ ಶಕ್ತಿಯನ್ನು ಪರೀಕ್ಷಿಸಲು ಕಿವಿ ಬೇಕಾಯಿತು. ಒತ್ತಡಕ್ಕೆ ಸಿಕ್ಕ ವಸ್ತು ಹಿಂದೆ ಹೊತ್ತ ಭಾರದ ಮಿತಿ ದಾಟುವವರೆಗೆ ಸದ್ದು ಮಾಡುವುದಿಲ್ಲವೆಂದು ಜರ್ಮನಿಯ ಯೋಸೆಫ್ ಕೈಸರ್ 1950ರಲ್ಲಿ ತೋರಿಸಿದ್ದ. ಒಳಗೆ ಪೆಟ್ಟು ತಿಂದ ಫೈಬರ್‌ಗ್ಲಾಸ್ ಈ ನಿಯಮ ಪಾಲಿಸುವುದಿಲ್ಲ. ಹಳೆಯ ಭಾರಕ್ಕೆ ಮೊದಲೇ ನರಳತೊಡಗುತ್ತದೆ. ಎಳೆ ಹರಿಯುವ, ಪದರ ಬಿಡುವ ಆ ಸದ್ದು ಬರಿಗಿವಿಗೆ ಎಟುಕದು. ಬೂಮ್‌ಗೆ ಸಂವೇದಕಗಳನ್ನು ಅಂಟಿಸಿ, ಭಾರ ಏರಿಸುತ್ತ ಅದನ್ನು ಆಲಿಸುವ ವಿಧಾನ 1980ರ ದಶಕದಲ್ಲಿ ಮಾನದಂಡವಾಯಿತು. ಅದಕ್ಕೂ ಹಿಂದಿನ ನಾಣ್ಯದ ಪರೀಕ್ಷೆಯನ್ನು ಯಾರೂ ಬಿಟ್ಟಿಲ್ಲ. ನಾಣ್ಯದಿಂದ ಬಡಿದರೆ ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ದಬ್ ಎನ್ನುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಲ್ಲಿ ತಟ್ಟಿ ನೋಡುವ ಹಾಗೆ.

ಈ ಎಲ್ಲದರ ಫಲವಾಗಿ ರಿಪೇರಿ ಭಾಗ ನೋಡಿ ವಿಂಗಡವಾಯಿತು. ಬಕೆಟ್ಟಿನ ಹೊರಮೈಯ ಗೆರೆ, ಬಿಸಿಲಿಗೆ ರಾಳ ಸವೆದು ಎದ್ದ ನಾರಿನ ಜುಂಗು ಮೈಗಷ್ಟೇ ಸೇರಿದ ತೊಂದರೆಗಳು. ಬಕೆಟ್ಟನ್ನು ನಿರೋಧಕವೆಂದು ಲೆಕ್ಕಿಸುವುದೂ ಇಲ್ಲ. ಆ ಕೆಲಸ ಒಳಗೆ ಕೂರುವ ಪಾಲಿಎಥಿಲೀನ್ ಲೈನರಿನದು. 50 ಕಿಲೋವೋಲ್ಟನ್ನು ಒಂದು ನಿಮಿಷ ತಡೆಯಬೇಕಾದ ಲೈನರ್ ತೂತಾದರೆ ಅದಕ್ಕೆ ತೇಪೆಯಿಲ್ಲ, ಹೊಸದೇ ಬೇಕು. ಬಕೆಟ್ಟು ಬೂಮ್‌ಗೆ ಕೂರುವ ಬೋಲ್ಟುಗಳ ಸುತ್ತ ನಕ್ಷತ್ರದಂತೆ ಹರಡಿದ ಬಿರುಕು ಮಾತ್ರ ಬೇರೆ ಮಾತು: ಅಲ್ಲಿ ಆಳಿನ ಇಡೀ ಭಾರ ನಿಂತಿರುತ್ತದೆ. ಮೇಲಿನ ಬೂಮ್‌ನ ನಾರಿನವರೆಗೆ ಇಳಿದ ಗಾಯಕ್ಕೆ ತಯಾರಕರ ಅನುಮತಿಯಿಲ್ಲದೆ ಯಾರೂ ಕೈ ಹಾಕುವುದಿಲ್ಲ, ಹಾಕಲೂ ಬಾರದು.

ಒಪ್ಪಿಗೆ ಸಿಕ್ಕ ಬಕೆಟ್ಟಿನ ತೇಪೆಯಲ್ಲಿ ಅರ್ಧ ಶ್ರಮ ಹಚ್ಚುವುದಕ್ಕಲ್ಲ, ಕೀಳುವುದಕ್ಕೆ. ಮೊದಲು ಎಣ್ಣೆ, ಮೇಣ ತೊಳೆದು ತೇವ ಆರಿಸಬೇಕು. ಗ್ರೀಸ್ ಮೆತ್ತಿದ ಮೈಯನ್ನು ತೊಳೆಯದೆ ಉಜ್ಜಿದರೆ ಕೊಳೆ ನಾರಿನೊಳಕ್ಕೆ ಇಳಿಯುತ್ತದೆ. ಬೆಳ್ಳಗಾದ ಸತ್ತ ನಾರನ್ನೆಲ್ಲ ತೆಗೆದು ಅಂಚನ್ನು ಇಳಿಜಾರಾಗಿ ಉಜ್ಜುತ್ತಾರೆ. ದಪ್ಪದ ಹನ್ನೆರಡು ಪಟ್ಟು ಅಗಲದ ಇಳಿಜಾರು ರೂಢಿಯ ಲೆಕ್ಕ. 6 ಮಿಲಿಮೀಟರ್ ದಪ್ಪದ ಗೋಡೆಗೆ ಸುತ್ತಲೂ ಸುಮಾರು 7 ಸೆಂಟಿಮೀಟರ್, ಅಂದರೆ ಹೆಬ್ಬೆರಳಷ್ಟು ಬಿರುಕಿಗೆ ಊಟದ ತಟ್ಟೆಯಷ್ಟು ಗಾಯ. ಅದರೊಳಗೆ ಗಾಜಿನ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು, ರಾಳ ಕುಡಿಸಿ, ರೋಲರಿನಿಂದ ಗಾಳಿಗುಳ್ಳೆಗಳನ್ನು ಹೊರದೂಡುತ್ತಾರೆ. ಮಾಡುವವನಿಗೂ ಅಪಾಯವಿದೆ: ಗಾಜಿನ ಧೂಳು, ಸ್ಟೈರೀನಿನ ಘಾಟು. ಪಾಲಿಯೆಸ್ಟರನ್ನು ಗಟ್ಟಿಯಾಗಿಸುವ ಪೆರಾಕ್ಸೈಡಿನ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿ ಹೋಗಬಹುದು.

ಇದುವರೆಗಿನದು ಅಮೆರಿಕದ ಕಥೆ. ಕರ್ನಾಟಕಕ್ಕೂ ವಿದ್ಯುತ್ತು ಬೇಗ ಬಂತು: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ. ಆದರೆ ಇಲ್ಲಿ ಕಂಬದ ಕೆಲಸದ ರೂಢಿ ‘ಎಲ್‌ಸಿ ತಗೊಳ್ಳುವುದು’, ಅಂದರೆ ಲೈನ್ ಆಫ್ ಮಾಡಿಸಿ, ಏಣಿ ಹಾಕಿ ಹತ್ತುವುದು. ಜೀವಂತ ತಂತಿಯ ಕೆಲಸ ಕಲಿಸುವ ಹಾಟ್‌ಲೈನ್ ತರಬೇತಿ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ಬೀದಿದೀಪ ಬದಲಿಸಲು ಬರುವ ಉಕ್ಕಿನ ತೋಳಿನ ಗಾಡಿಗಳಿಗೂ ನಿರೋಧಕ ಬೂಮ್‌ಗೂ ದೂರದಿಂದ ವ್ಯತ್ಯಾಸ ತಿಳಿಯುವುದಿಲ್ಲ. ಗುರುತಿಸಲು ಗಾಡಿಗೆ ಬಡಿದ ಫಲಕದಲ್ಲಿ ವೋಲ್ಟೇಜ್ ದರ್ಜೆ ಇದೆಯೇ ಎಂದು ಓದಬೇಕು.

ಮತ್ತೆ ತೇಪೆಯ ಕೆಲಸಕ್ಕೆ ಬಂದರೆ, ರಾಳ ಪೂರ್ತಿ ಗಟ್ಟಿಯಾದ ಮೇಲೆ ತಯಾರಕರು ಹೇಳಿದ ಬಣ್ಣವನ್ನೇ ಬಳಿದು, ಮೊದಲು ಭಾರದ ಪರೀಕ್ಷೆಗೆ, ಆಮೇಲೆ ವೋಲ್ಟೇಜಿನ ಪರೀಕ್ಷೆಗೆ ಗಾಡಿಯನ್ನು ನಿಲ್ಲಿಸುತ್ತಾರೆ. ಸೋರಿಕೆಯ ಅಂಕಿಯನ್ನು ಹಿಂದಿನ ಅಂಕಿಯ ಪಕ್ಕದಲ್ಲೇ ಬರೆದಿಡುತ್ತಾರೆ. ಮಿತಿಯೊಳಗೇ ಇದ್ದರೂ ಹಿಂದಿನದಕ್ಕಿಂತ ಥಟ್ಟನೆ ಏರಿದ್ದರೆ ಗಾಡಿ ಮತ್ತೆ ಶೆಡ್ಡಿಗೆ ಹೋಗುತ್ತದೆ.