ಮಳೆ ಕೈಕೊಟ್ಟಾಗ ಇನಾಮಗಾಂವ್



ಆದಿಮಾನವ, ಹಿಮಯುಗ ಎಂದ ಕೂಡಲೇ ನಮ್ಮ ಮನಸ್ಸು ಯುರೋಪಿಗೆ ಹಾರುತ್ತದೆ. ಫ್ರಾನ್ಸಿನ ಲಾಸ್ಕೋ ಗುಹೆಯ ಗೂಳಿಗಳು ಕಣ್ಣ ಮುಂದೆ ಬರುತ್ತವೆ. ಆದರೆ ಹವೆ ಬದಲಾಗಿ ಬದುಕೂ ಬದಲಾದ ಕಥೆಗೆ ಅಷ್ಟು ದೂರ ಹೋಗಬೇಕಿಲ್ಲ. ಪುಣೆಯಿಂದ ಪೂರ್ವಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ, ಶಿರೂರು ತಾಲೂಕಿನ ಘೋಡ್ ನದಿಯ ದಂಡೆಯಲ್ಲಿ ಇನಾಮಗಾಂವ್ ಇದೆ.

ನಮ್ಮ ಯರವಡದ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಇಲ್ಲಿ ಉತ್ಖನನ ನಡೆಸಿದರು. ಸಾಂಕಳಿಯಾ, ಢವಳೀಕರ್, ಅನ್ಸಾರಿ ಅವರಂಥ ಘಟಾನುಘಟಿಗಳ ಕೆಲಸವದು. ಸಿಕ್ಕಿದ್ದು ಕ್ರಿ.ಪೂ. 1600ರ ಸುಮಾರಿಗೆ ಹುಟ್ಟಿ, 700ರ ಹೊತ್ತಿಗೆ ಬರಿದಾದ ಒಂದು ರೈತರ ಊರು.

ಮೊದಮೊದಲು ಸುಭಿಕ್ಷ. ಮಣ್ಣಿನ ಗೋಡೆಯ ದೊಡ್ಡ ಚೌಕ ಮನೆಗಳು, ಜವೆಗೋಧಿಯ ಬೆಳೆ, ನದಿಯ ನೀರು ತಿರುಗಿಸಲು ಕಾಲುವೆ. ಐದು ಕೋಣೆಗಳ ಒಂದು ಮನೆ ಊರ ಮುಖ್ಯಸ್ಥನದೆಂದು ಗುರುತಿಸಿದ್ದಾರೆ. ಅದರ ಪಕ್ಕದಲ್ಲೇ ಕಣಜ! (ಕಾಳಿನ ಲೆಕ್ಕ ಯಾರ ಕೈಲಿತ್ತೆಂದು ಬೇರೆ ಹೇಳಬೇಕೇ?) ಸತ್ತವರನ್ನು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಮಕ್ಕಳಾದರೆ ಎರಡು ಗಡಿಗೆಗಳನ್ನು ಬಾಯಿಗೆ ಬಾಯಿ ಜೋಡಿಸಿ ಒಳಗಿಡುತ್ತಿದ್ದರು. ದೊಡ್ಡವರ ಪಾದಗಳನ್ನು ಕತ್ತರಿಸುತ್ತಿದ್ದರು. ಸತ್ತವರು ಎದ್ದು ಹೋಗದಿರಲಿ ಎಂದಿರಬಹುದು.

ಕ್ರಿ.ಪೂ. 1000ದ ಸುಮಾರಿಗೆ ಚಿತ್ರವೇ ಬದಲು. ಚೌಕ ಮನೆಗಳು ಹೋಗಿ ಪುಟ್ಟ ದುಂಡು ಗುಡಿಸಲುಗಳು ಬಂದವು. ಗೋಧಿ ಕಡಿಮೆಯಾಯಿತು, ಬೇಟೆಯ ಪ್ರಾಣಿಗಳ ಮೂಳೆ ಹೆಚ್ಚಾಯಿತು. ಮಡಕೆಗಳ ಅಂದವೂ ಕುಂದಿತು. ಮಳೆ ಕಡಿಮೆಯಾಗಿ ಜನ ಅರೆ ಅಲೆಮಾರಿಗಳಾದರು ಎಂಬುದು ಢವಳೀಕರ್ ಅವರ ವಾದ. ಹವೆಯೊಂದನ್ನೇ ದೂರಬಾರದು ಎನ್ನುವ ವಿದ್ವಾಂಸರೂ ಇದ್ದಾರೆ. ನನಗಂತೂ ಢವಳೀಕರ್ ಮಾತಿನಲ್ಲಿ ಹುರುಳು ಕಾಣುತ್ತದೆ. ಶಿರೂರಿನ ಕಡೆ ಒಮ್ಮೆ ಬೇಸಿಗೆಯಲ್ಲಿ ಹೋಗಿ ನೋಡಿ. ಸಹ್ಯಾದ್ರಿಯ ಮಳೆ ಪುಣೆ ದಾಟುವಷ್ಟರಲ್ಲಿ ಬಡವಾಗಿರುತ್ತದೆ. ಅಂಥಲ್ಲಿ ನಾಲ್ಕು ವರ್ಷ ಮಳೆ ತಪ್ಪಿದರೆ ಕಾಲುವೆಯಲ್ಲಿ ಹರಿಯುವುದಾದರೂ ಏನು? ಆದರೂ ಒಂದು ಮಾತು ಗಮನಿಸಿ. ಗುಡಿಸಲು ಕಟ್ಟಿಕೊಂಡ ಮೇಲೂ ಅವರು ತಕ್ಷಣ ಊರು ಬಿಡಲಿಲ್ಲ, ಸುಮಾರು 300 ವರ್ಷ ಅಲ್ಲೇ ಹೆಣಗಿದರು.

ನಮಗೂ ಇಲ್ಲೊಂದು ನಂಟಿದೆ. ಇನಾಮಗಾಂವ್‌ನಲ್ಲಿ ರಾಶಿ ರಾಶಿ ಸಿಕ್ಕ, ಕೆಂಪು ಮೈಮೇಲೆ ಕಪ್ಪು ಗೆರೆ ಎಳೆದ ಜೋರ್ವೆ ಮಡಕೆಗಳಂಥವೇ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ, ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲೂ ದೊರೆತಿವೆ. ಪುಣೆಗೂ ಕನ್ನಡನಾಡಿಗೂ ಹೋಗಿಬರುವ ರೂಢಿ ನಮ್ಮ ರಾತ್ರಿ ಬಸ್ಸುಗಳಿಗಿಂತ ಮೂರು ಸಾವಿರ ವರ್ಷ ಹಳೆಯದು!