ಕಲ್ಲು ತೆಗೆಸಿದ ತಂದೆ

ಮಗುವಿನ ಚಿಕಿತ್ಸೆಗೆ ಒಪ್ಪಿಗೆ ಕೊಡುವುದು ತಂದೆಯ ಹಕ್ಕೆಂದೇ ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಕಾನೂನಿನ ಚರಿತ್ರೆ ಬೇರೆಯದನ್ನು ಹೇಳುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 89ನೇ ಕಲಮಿನಡಿ ಒಂದು ಉದಾಹರಣೆಯಿತ್ತು: ಮಗು ಸಾಯಬಹುದೆಂದು ಗೊತ್ತಿದ್ದೂ, ಅದರ ಒಳಿತಿಗಾಗಿಯೇ, ಅದರ ಒಪ್ಪಿಗೆಯಿಲ್ಲದೆ ಶಸ್ತ್ರವೈದ್ಯನಿಂದ ಕಲ್ಲು ತೆಗೆಸುವ ತಂದೆ. ಅವನು ಅಪರಾಧಿಯಲ್ಲ. ಆದರೆ ಕಲಮಿನ ಮಾತು ‘ತಂದೆ’ ಎಂದಿರಲಿಲ್ಲ; ಪಾಲಕರು, ಇಲ್ಲವೇ 12 ವರ್ಷದೊಳಗಿನ ಮಗುವಿನ ಹೊಣೆಯನ್ನು ಕಾನೂನುಬದ್ಧವಾಗಿ ಹೊತ್ತ ಯಾರೇ ಆಗಲಿ ಎಂದಿತ್ತು. ಪಾಲಕರನ್ನು ಕೇಳಲು ಹೊತ್ತಿಲ್ಲದಾಗ, ಮಗು ಅಂಗಲಾಚಿದರೂ ಶಸ್ತ್ರಕ್ರಿಯೆ ಮಾಡುವ ವೈದ್ಯನಿಗೆ 92ನೇ ಕಲಮು ರಕ್ಷಣೆ ಕೊಟ್ಟಿತು.

ಇದು ಶಿಕ್ಷೆಯಿಂದ ವಿನಾಯಿತಿಯಷ್ಟೇ, ಅಧಿಕಾರವಲ್ಲ ಎಂಬ ಆಕ್ಷೇಪ ಸರಿಯೇ. ಆದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯೂ ಮಗುವಿನ ಆರೋಗ್ಯವನ್ನು ಪಾಲಕರ ಕರ್ತವ್ಯವೆಂದೇ ಬರೆಯಿತು. 1956ರ ಹಿಂದೂ ಪಾಲಕತ್ವ ಕಾಯ್ದೆ ಮೊದಲು ತಂದೆ, ‘ನಂತರ’ ತಾಯಿ ಎಂದಿತಲ್ಲ ಎನ್ನಬಹುದು. ಆ ‘ನಂತರ’ಕ್ಕೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಗೀತಾ ಹರಿಹರನ್ ಮೊಕದ್ದಮೆಯಲ್ಲಿ ಹೇಳಿತು. ತಮಾಷೆಯೆಂದರೆ, ಆ ವ್ಯಾಜ್ಯ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ರಿಸರ್ವ್ ಬ್ಯಾಂಕಿನ ಬಾಂಡ್ ಅರ್ಜಿಯಲ್ಲಿ. ಹಳೆಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಮಿನಲ್ಲೂ ಕಲ್ಲು ತೆಗೆಸುವ ಆ ತಂದೆ ಹಾಗೆಯೇ ಇದ್ದಾನೆ.